ಎರಡನೇ ಸಾಲು, ಮೂರನೇ ಡಬ್ಬಿ

ಹವಾಮಾನ ಕಚೇರಿಯ ಸಲೀಸಪ್ಪನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಅವನೂ ಸೇರಿದಂತೆ ಎಲ್ಲರೂ ಮರೆತಿದ್ದರು. ಯಾವ ಕೆಲಸ ಹೇಳಿದರೂ "ಅದಕ್ಕೊಂದು ಸಲೀಸಾದ ದಾರಿ ಇದೆ" ಎಂದು ಶುರುಮಾಡುತ್ತಿದ್ದನಾದ್ದರಿಂದ ಜನ ಈ ಹೆಸರನ್ನು ದಯಪಾಲಿಸಿದ್ದರು. ಅವನ ಜೀವನದ ತತ್ವ ಒಂದೇ: ಏನನ್ನೂ ಹೊರಬಾರದು. ಬಾಲ್ಯದಲ್ಲಿ ಅಮ್ಮ ನೀರು ತಾ ಎಂದರೆ ನಲ್ಲಿ ಎಲ್ಲಿದೆ ಎಂದು ತೋರಿಸುತ್ತಿದ್ದ. ಬೆಳೆದ ಮೇಲೆ ನೆಂಟರು ಪೆಟ್ಟಿಗೆ ಹೊತ್ತು ಬಂದರೆ, ಅದನ್ನು ಎಲ್ಲಿಡಬೇಕೆಂದು ಬಹಳ ಗೌರವದಿಂದ ಹೇಳುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಅವನು ಪೂರ್ತಿ ಒಪ್ಪುತ್ತಿದ್ದ. ಯಾರ ಕೈ ಎಂದು ಗಾದೆ ಹೇಳಿಲ್ಲವಲ್ಲ ಎನ್ನುತ್ತಿದ್ದ.

ಹೆಂಡತಿ ಇದಕ್ಕೆ ತದ್ವಿರುದ್ಧ. ಆಕೆಯದು ಬಟ್ಟೆಗೆ ಬಣ್ಣ ಹಾಕುವ ಕಸುಬು. ಹಿಂದಿನ ಬೀದಿಯಲ್ಲಿ ಒಂದು ಅಂಗಳ, ಅದರಲ್ಲಿ ಸಿಮೆಂಟಿನ ತೊಟ್ಟಿ, ಒಲೆ, ಹಗ್ಗ, ಮತ್ತು ಬಗ್ಗಿ ಬಗ್ಗಿ ಗಟ್ಟಿಯಾದ ಆಕೆಯ ಬೆನ್ನು. ಮನೆಗೂ ಅಂಗಳಕ್ಕೂ ಪುಡಿಗಳ ಡಬ್ಬಿ ಇಡಲು ಮರದ ಸ್ಟ್ಯಾಂಡು ಬೇಕೆಂದು ಒಮ್ಮೆ ಕೇಳಿದಳು. ಸಲೀಸಪ್ಪ ಒಂದೇ ನಕ್ಷೆ ಬರೆದು, "ಇದೇ ಥರ ಎರಡು ಮಾಡ್ಬಿಡಿ" ಎಂದು ಬಡಗಿಗೆ ಹೇಳಿ ಬಂದ. ಹೀಗೆ ಎರಡೂ ಕಡೆ ತದ್ರೂಪಿ ಸ್ಟ್ಯಾಂಡುಗಳು ನಿಂತವು. ಸಂಸಾರಕ್ಕೆ ತಾನು ಮಾಡಿದ ಸೇವೆ ಎಂದರೆ ಇದೇ ಎಂದು ಅವನು ಆಗಾಗ ನೆನಪಿಸುತ್ತಿದ್ದ.

ಇನ್ನು ಅವನ ಕಚೇರಿ. ಅಲ್ಲಿ ಹದಿನಾರು ಕಂಪ್ಯೂಟರುಗಳು ಒಟ್ಟಾಗಿ ಮಳೆಯ ಮುನ್ಸೂಚನೆ ಲೆಕ್ಕ ಹಾಕುತ್ತಿದ್ದವು. ಸೀಮೆಯನ್ನೆಲ್ಲ ಹದಿನಾರು ಚೌಕ ಮಾಡಿ, ಚೌಕಕ್ಕೊಂದು ಯಂತ್ರ ಒಪ್ಪಿಸಿದ್ದರು. ಪ್ರತಿ ಯಂತ್ರಕ್ಕೂ ತನ್ನದೇ ಮೆಮೊರಿ, ಅಂದರೆ ಬಾಗಿಲು ಮುಚ್ಚಿದ ಒಂದೊಂದು ಕೋಣೆ ಇದ್ದ ಹಾಗೆ. ಒಬ್ಬರ ಕೋಣೆಯೊಳಗೆ ಇನ್ನೊಬ್ಬರು ಇಣುಕುವಂತಿಲ್ಲ. ನನ್ನ ಗಡಿಯಲ್ಲಿ ಇಷ್ಟು ಮೋಡ, ಇಷ್ಟು ಗಾಳಿ ಇದೆ ಎಂದು ಪಕ್ಕದವನಿಗೆ ತಿಳಿಸಬೇಕಾದರೆ ಗಂಟು ಕಟ್ಟಿ ಸಂದೇಶವಾಗಿ ಕಳಿಸಬೇಕು. ಗಂಟುಗಳೋ ಭಾರ. ಇವರ ಗಂಟು ಅವರಿಗೆ, ಅವರ ಗಂಟು ಇವರಿಗೆ ಹೋಗಿ ಮುಟ್ಟಿ ಲೆಕ್ಕ ಮುಗಿಯುವ ಹೊತ್ತಿಗೆ ಮಳೆ ಬಂದು, ನಿಂತು, ಬೀದಿಯೆಲ್ಲ ಒಣಗಿರುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತನ್ನು ಊರಿನವರು ಈ ಕಚೇರಿಗೇ ಮೀಸಲಿಟ್ಟಿದ್ದರು.

ನಿರ್ದೇಶಕರು ಒಂದು ದಿನ ಸಲೀಸಪ್ಪನನ್ನು ಕರೆದರು.

"ಏನ್ರೀ, ಮೇಲಧಿಕಾರಿಗಳು ಪರಿಶೀಲನೆಗೆ ಬರ್ತಾರಂತೆ. ನಿನ್ನೆಯ ಮಳೆಗೆ ನಾಳೆ ಮುನ್ಸೂಚನೆ ಕೊಟ್ಟರೆ ನನ್ನ ಮಾನ ಉಳಿಯುತ್ತೇನ್ರೀ?"

"ಚಿಂತೆ ಬಿಡಿ ಸಾರ್, ಅದಕ್ಕೊಂದು ಸಲೀಸಾದ ದಾರಿ ಇದೆ" ಎಂದ ಸಲೀಸಪ್ಪ. ಯಾವ ದಾರಿ ಎಂದು ಅವನಿಗೂ ಗೊತ್ತಿರಲಿಲ್ಲ.

ಹೋಗಿ ಕೈಪಿಡಿ ತೆರೆದ. ದೇವರು ಸೋಮಾರಿಗಳಿಗೆ ಸರಿಯಾದ ಪುಟವನ್ನೇ ತೆರೆದು ಕೊಡುತ್ತಾನೆ. ಅಲ್ಲೊಂದು ಆಜ್ಞೆ ಇತ್ತು. ಯಾವ ವಸ್ತುವಿನ ಹೆಸರು ಹೇಳಿದರೂ ಅದು ಮೆಮೊರಿಯಲ್ಲಿ ಎಷ್ಟನೇ ಮನೆಯಲ್ಲಿ ಕೂತಿದೆ ಎಂದು ಥಟ್ಟನೆ ವಿಳಾಸ ತೆಗೆದುಕೊಡುವ ಆಜ್ಞೆ. ಸಲೀಸಪ್ಪನಿಗೆ ಮೈ ಜುಮ್ಮೆಂದಿತು. ಇಡೀ ಮೋಡವನ್ನು ಗಂಟು ಕಟ್ಟಿ ಹೊರುವುದೇಕೆ? ಮೋಡ ಎಲ್ಲಿದೆ ಎಂಬ ಒಂದು ಸಂಖ್ಯೆ ಕಳಿಸಿದರೆ ಸಾಲದೆ? ಪಕ್ಕದವನು ಆ ಜಾಗ ನೋಡಿಕೊಳ್ಳುತ್ತಾನೆ. ಜೀವಮಾನವಿಡೀ ತಾನು ಪಾಲಿಸಿದ ತತ್ವಕ್ಕೆ ಕೈಪಿಡಿಯ ಒಪ್ಪಿಗೆಯೇ ಸಿಕ್ಕಂತಾಯಿತು. ಆ ವಿಳಾಸ ಅವರವರ ಕೋಣೆಯೊಳಗೆ ಮಾತ್ರ ನಡೆಯುತ್ತದೆ, ಚದುರಿದ ಸಾಮಾನು ಹುಡುಕಿ ಗಂಟು ಕಟ್ಟಲು ಅದು ಬೇಕು, ಆದರೆ ಕಳಿಸಬೇಕಾದ್ದು ಗಂಟನ್ನೇ ಎಂದು ಮುಂದಿನ ಪುಟದಲ್ಲಿ ಬರೆದಿತ್ತು. ಪುಟ ತಿರುಗಿಸುವುದು ಶ್ರಮದ ಕೆಲಸವಾದ್ದರಿಂದ ಸಲೀಸಪ್ಪ ಅಲ್ಲಿಯವರೆಗೆ ಹೋಗಲಿಲ್ಲ.

ಹೊಸ ಏರ್ಪಾಟಿನಲ್ಲಿ ಲೆಕ್ಕ ಶುರುವಾಯಿತು. ನಿರ್ದೇಶಕರು ಚಹಾ ಲೋಟ ಬಾಯಿಗಿಟ್ಟು ಇಳಿಸುವಷ್ಟರಲ್ಲಿ ಮುಗಿಯಿತು. ಅವರು ಲೋಟವನ್ನೂ ಪರದೆಯನ್ನೂ ಸಲೀಸಪ್ಪನನ್ನೂ ಸರದಿಯಂತೆ ನೋಡಿದರು.

"ಮುಗೀತಾ?"

"ಮುಗೀತು ಸಾರ್."

"ಪೂರ್ತಿನಾ?"

"ನಾಳೆ ಬಿಸಿಲು. ನಾಡಿದ್ದೂ ಬಿಸಿಲು. ಬೇಕಾದ್ರೆ ಮುಂದಿನ ತಿಂಗಳದ್ದೂ ಕೊಡ್ತೀನಿ."

ಮಾರನೆಯ ದಿನ ಬಿಸಿಲೇ ಬಂತು. ಅದರ ಮಾರನೆಯ ದಿನವೂ. ಆ ವಾರವೆಲ್ಲ ಮುನ್ಸೂಚನೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು ಅಷ್ಟೆ. ಆದರೆ ಕಾಗೆಗೆ ತಾನೇ ಮುರಿದೆ ಎಂಬ ಜಂಬ ಬಂದರೆ ಯಾರೇನು ಮಾಡಲಾದೀತು? ಸಲೀಸಪ್ಪ ಬೀದಿಯಲ್ಲಿ ಕತ್ತೆತ್ತಿ ನಡೆಯತೊಡಗಿದ. ಮೂಲೆಯ ಕೊಡೆ ಅಂಗಡಿಯವನ ಮುಂದೆ ನಿಂತು, "ಸ್ವಾಮಿ, ಇನ್ನು ಬೇರೆ ವ್ಯಾಪಾರ ನೋಡ್ಕೊಳ್ಳಿ. ಮಳೆ ನನ್ನ ಕೇಳದೆ ಬರಲ್ಲ" ಎಂದ. ಕೊಡೆಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಕೊಡೆಯನ್ನು ಫಟ್ಟನೆ ಬಿಚ್ಚಿ, ಫಟ್ಟನೆ ಮುಚ್ಚಿದ.

ನಿರ್ದೇಶಕರಂತೂ ಉಬ್ಬಿಹೋದರು. ಈ ತತ್ವ ಬರೀ ಯಂತ್ರಗಳಿಗೆ ಏಕೆ, ಮನುಷ್ಯರಿಗೂ ಇರಲಿ ಎಂದು ಸುತ್ತೋಲೆ ಹೊರಡಿಸಿದರು: "ಇನ್ನು ಮುಂದೆ ಯಾರೂ ಯಾವ ಕಡತವನ್ನೂ ಹೊತ್ತೊಯ್ಯತಕ್ಕದ್ದಲ್ಲ. ಅದು ಬೀರುವಿನ ಯಾವ ಸಾಲಿನಲ್ಲಿ ಎಷ್ಟನೆಯದು ಎಂದು ತಿಳಿಸಿದರೆ ಸಾಕು." ಇಲಾಖೆಯ ಬೀರುಗಳೆಲ್ಲ ಒಂದೇ ಅಚ್ಚಿನವು. ಹಾಗಾಗಿ ಎರಡನೇ ಸಾಲಿನ ಮೂರನೇ ಕಡತ ನೋಡಿ ಎಂದು ಸೂಚನೆ ಬಂದರೆ, ಪ್ರತಿಯೊಬ್ಬರೂ ತಮ್ಮ ಬೀರುವನ್ನೇ ತೆರೆದು, ಅಲ್ಲಿದ್ದದ್ದಕ್ಕೆ ಸಹಿ ಹಾಕಿ, "ಪರಿಶೀಲಿಸಲಾಗಿದೆ" ಎಂದು ಉತ್ತರ ಕೊಡುತ್ತಿದ್ದರು. ಕೆಲಸ ಎಂದೂ ಕಾಣದ ವೇಗದಲ್ಲಿ ಸಾಗಿತು. ಕಡತದಲ್ಲಿ ಏನಿದೆ ಎಂದು ಓದುವ ಅಭ್ಯಾಸ ಮೊದಲೂ ಇರಲಿಲ್ಲವಾದ್ದರಿಂದ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಇಲಾಖೆಯ ಕೇಂದ್ರ ಕಚೇರಿ ಕೂಡ ಈ ಪದ್ಧತಿಯನ್ನು ಮೆಚ್ಚಿ ತಾನೂ ಅಳವಡಿಸಿಕೊಂಡಿತು.

ಇಂಥ ಹೊತ್ತಿನಲ್ಲಿ ಹೆಂಡತಿಗೆ ನಾಟಕಶಾಲೆಯ ಪರದೆಯ ಕೆಲಸ ಸಿಕ್ಕಿತು. ಮುಚ್ಚಿದ್ದ ನಾಟಕಶಾಲೆ ಮತ್ತೆ ತೆರೆಯುವುದರಲ್ಲಿತ್ತು. ವೇದಿಕೆಗೆ ಒಂದೇ ತುಂಡಿನ ಭಾರಿ ಪರದೆ, ಅಚ್ಚ ನೀಲಿ ಬಣ್ಣ. ಇದು ಕೈಗೂಡಿದರೆ ಅಲ್ಲಿನ ವೇಷಭೂಷಣದ ಬಣ್ಣವೆಲ್ಲ ಆಕೆಗೇ. ಕೆಟ್ಟರೆ ಅಂಗಳಕ್ಕೆ ಬೀಗ ಹಾಕಿ ಮನೆಯಲ್ಲಿ ಕೂರುವುದೊಂದೇ ದಾರಿ. ಅಂಥ ಬಟ್ಟೆ ಒಣಗುವುದು ಬಯಲಿನಲ್ಲಿ ಮಾತ್ರ. ಆಕೆ ಗಂಡನನ್ನು ಕೂರಿಸಿ ಕೇಳಿದಳು.

"ತಮಾಷೆ ಬೇಡ. ನಿಜ ಹೇಳಿ, ನಾಳೆ ಮಳೆ ಬರುತ್ತಾ?"

"ಬರಲ್ಲ ಅಂದ್ನಲ್ಲ."

"ಹನಿ ಬಿದ್ರೂ ಕೆಟ್ಟೆ ನಾನು. ಬಣ್ಣ ಕಚ್ಚೋ ಮುಂಚೆ ನೀರು ತಾಗಿದ್ರೆ ಬೀದಿಯೆಲ್ಲಾ ನೀಲಿ, ಪರದೆ ಬಿಳಿ."

"ಹದಿನಾರು ಯಂತ್ರ ಒಂದೇ ಮಾತು ಹೇಳ್ತಿವೆ. ಹದಿನಾರೂ ಸುಳ್ಳು ಹೇಳ್ತವಾ?"

"ಸರಿ. ಬಣ್ಣ ಕಚ್ಚಿಸೋ ಪುಡಿ ಮನೇಲಿದೆ. ನಾನು ಬೆಳಗ್ಗೆ ಬೇಗ ಹೋಗ್ತೀನಿ. ಆಫೀಸಿಗೆ ಹೋಗ್ತಾ ಆ ಡಬ್ಬಿ ತಂದುಕೊಡಿ. ಅಷ್ಟು ಮಾಡಿ ಸಾಕು."

ಅಷ್ಟನ್ನೇ ಅವನು ಮಾಡಲಿಲ್ಲ. ಡಬ್ಬಿ ಎತ್ತಿ ನೋಡಿದ, ಭಾರವಾಗಿತ್ತು. ಮೇಲಧಿಕಾರಿಗಳು ಬರುವ ದಿನ, ಇಸ್ತ್ರಿ ಮಾಡಿದ ಅಂಗಿ ಬೇರೆ. ಡಬ್ಬಿಯನ್ನು ಇದ್ದಲ್ಲೇ ಇಟ್ಟು ಕಚೇರಿಗೆ ಹೋಗಿ, ಅಲ್ಲಿಂದ ಅಂಗಳಕ್ಕೆ ಫೋನು ಮಾಡಿದ. ಹೆಂಡತಿಯ ಕೈ ಮೊಣಕೈವರೆಗೆ ನೀಲಿಯಾಗಿದ್ದುದರಿಂದ ಫೋನು ಎತ್ತಿದವರು ಆಗತಾನೇ ಮನೆಯಿಂದ ಬಂದಿದ್ದ ಅತ್ತೆ. ಜಗತ್ತಿನಲ್ಲಿ ಸಲೀಸಪ್ಪನನ್ನು ಪೂರ್ತಿಯಾಗಿ ನಂಬಿದ್ದ ಏಕೈಕ ವ್ಯಕ್ತಿ ಅವರು.

"ಅತ್ತೆ, ಆ ಪುಡಿ ಎರಡನೇ ಸಾಲು, ಎಡದಿಂದ ಮೂರನೇ ಡಬ್ಬೀಲಿದೆ."

ಯಾರಾದರೂ ಮನೆಗೆ ಹೋಗಿ ತೆಗೆದುಕೊಳ್ಳಲಿ ಎಂಬುದು ಅವನ ಅಭಿಪ್ರಾಯ. ಯಾವ ಸ್ಟ್ಯಾಂಡು ಎಂದು ಅವನು ಹೇಳಲಿಲ್ಲ, ಅತ್ತೆ ಕೇಳಲಿಲ್ಲ. ಅಳಿಯ ಹೇಳಿದ ಮೇಲೆ ಮುಗಿಯಿತು. ಅವರು ಎದುರಿಗಿದ್ದ ಸ್ಟ್ಯಾಂಡಿನ ಎರಡನೇ ಸಾಲಿನ ಮೂರನೇ ಡಬ್ಬಿ ತೆಗೆದರು, ಮಗಳು ಒಲೆಯ ಕಡೆ ತಿರುಗಿದ್ದಾಗ ತೊಟ್ಟಿಗೆ ಸುರಿದರು, "ಅಳಿಯಂದಿರು ಹೇಳಿ ಕಳಿಸಿದ ಪುಡಿ ಹಾಕಿದೆ ಕಣೇ" ಎಂದು ಹೆಮ್ಮೆಯಿಂದ ಹೇಳಿದರು. ಗಂಡ ಕಡೆಗೂ ಒಂದು ವಸ್ತು ಕಳಿಸಿದನಲ್ಲ ಎಂದು ಹೆಂಡತಿಗೆ ಕಣ್ಣು ತುಂಬಿ ಬಂತು.

ಇತ್ತ ಕಚೇರಿಯಲ್ಲಿ ಮೇಲಧಿಕಾರಿಗಳ ಸವಾರಿ ಬಂತು. ಗೋಡೆಯ ಮೇಲೆ ದೊಡ್ಡ ನಕ್ಷೆ, ಹದಿನಾರು ಚೌಕ. ಎಲ್ಲರೂ ಕಿಟಕಿಗೆ ಬೆನ್ನು ಹಾಕಿ ಹವಾಮಾನ ನೋಡುತ್ತ ನಿಂತರು. ಪಶ್ಚಿಮದ ಚೌಕದಲ್ಲಿ ಎಮ್ಮೆಯ ಹಿಂಡಿನಂಥ ಕಪ್ಪು ಮೋಡ ತುಂಬಿಕೊಂಡಿತ್ತು. ಆದರೆ ಗಡಿಗೆ ಬಂದದ್ದೇ ಗೆರೆ ಎಳೆದಂತೆ ನಿಂತುಬಿಟ್ಟಿತ್ತು. ಈಚೆಗೆ ಊರಿನ ಚೌಕದಲ್ಲಿ ಚಿನ್ನದಂಥ ಬಿಸಿಲು.

"ಆ ಮೋಡ ಯಾಕ್ರೀ ಅಲ್ಲೇ ನಿಂತಿದೆ?" ಎಂದು ಮೇಲಧಿಕಾರಿ ಕೇಳಿದರು.

"ಶಿಸ್ತು, ಸಾರ್" ಎಂದರು ನಿರ್ದೇಶಕರು. "ನಾನು ಈ ಕಚೇರಿಗೆ ಬಂದಾಗಿಂದ ಯಾರೂ ಅವರವರ ವ್ಯಾಪ್ತಿ ದಾಟಲ್ಲ."

"ಭೇಷ್!"

ಅಷ್ಟರಲ್ಲಿ ಸಲೀಸಪ್ಪನ ಫೋನು ಒದರಿತು. ಮೆಲ್ಲಗೆ ಎತ್ತಿದ. ಆ ಕಡೆಯ ದನಿ ಮೆಲ್ಲಗಿರಲಿಲ್ಲ. ಮೇಲಧಿಕಾರಿಯೂ ತಲೆ ತಿರುಗಿಸಿದರು.

"ಏನ್ರೀ ಹಾಕಿಸಿದ್ರಿ ನನ್ನ ತೊಟ್ಟಿಗೆ? ಪರದೆ ಹಲಗೆ ಥರ ನಿಂತ್ಕೊಂಡಿದೆ! ಹಗ್ಗಾನೂ ಬೇಕಾಗಿಲ್ಲ, ತಾನೇ ನಿಂತಿದೆ!"

"ಬಣ್ಣ ಕಚ್ಚಿಸೋ ಪುಡಿ… ಎರಡನೇ ಸಾಲು, ಮೂರನೇ ಡಬ್ಬಿ…"

"ಅದು ಮನೇಲಿ! ಇಲ್ಲಿ ಆ ಜಾಗದಲ್ಲಿ ಗಂಜಿಪುಡಿ ಇದೆ. ನಿಮ್ಮ ವಿಳಾಸ ಹಿಡ್ಕೊಂಡು ಅಮ್ಮ ನಮ್ಮ ಗಂಜಿಪುಡೀನೇ ನಮ್ಮ ತೊಟ್ಟಿಗೆ ಸುರಿದಿದ್ದಾಳೆ. ಅವಳನ್ನ ಅಂದು ಏನು ಪ್ರಯೋಜನ? ಹೇಳಿದ ಜಾಗ ನೋಡಿದಳು, ಇದ್ದದ್ದು ತಗೊಂಡಳು!"

ಸಲೀಸಪ್ಪ ಫೋನು ಹಿಡಿದಂತೆಯೇ ನಕ್ಷೆಯನ್ನು ನೋಡಿದ. ಹೇಳಿದ ಜಾಗ ನೋಡಿದಳು, ಇದ್ದದ್ದು ತಗೊಂಡಳು. ಹದಿನಾರು ಕೋಣೆ, ಹದಿನಾರು ತದ್ರೂಪಿ ಸ್ಟ್ಯಾಂಡು. ಪಶ್ಚಿಮದ ಯಂತ್ರ ಮೋಡದ ವಿಳಾಸ ಕಳಿಸಿತ್ತು. ಊರಿನ ಯಂತ್ರ ಆ ವಿಳಾಸವನ್ನು ತನ್ನದೇ ಕೋಣೆಯಲ್ಲಿ ಹುಡುಕಿತ್ತು. ಅಲ್ಲಿದ್ದದ್ದು ತನ್ನದೇ ಬಿಸಿಲು. ಪಕ್ಕದ ಮನೆಯಲ್ಲೂ ಬಿಸಿಲು, ನಮ್ಮ ಮನೆಯಲ್ಲೂ ಬಿಸಿಲು, ಇನ್ನು ಮಳೆ ಎಲ್ಲಿಂದ ಬಂದೀತು ಎಂದು ತೀರ್ಮಾನಿಸಿ ನಿಶ್ಚಿಂತೆಯಿಂದ ಕೂತಿತ್ತು. ವಾರವಿಡೀ ಒಂದು ಮೋಡವೂ ಗಡಿ ದಾಟಿರಲಿಲ್ಲ. ಸಲೀಸಪ್ಪ ಮೊದಲ ಬಾರಿಗೆ ತಿರುಗಿ ಕಿಟಕಿಯ ಹೊರಗೆ ನೋಡಿದ. ಎಮ್ಮೆಯ ಹಿಂಡು ಊರ ಮೇಲೆಯೇ ಇತ್ತು.

ಸುಮ್ಮನಿದ್ದಿದ್ದರೆ ಸಂಜೆಯೊಳಗೆ ಬಡ್ತಿ ಸಿಗುತ್ತಿತ್ತು. ಮಳೆ ಬಂದರೂ ಅದು ಮಳೆಯ ಅಶಿಸ್ತು ಎಂದು ನಿರ್ದೇಶಕರು ಸಮರ್ಥಿಸುತ್ತಿದ್ದರು. ಆದರೆ ಅಂಗಳದಲ್ಲಿ ಬಣ್ಣ ಕಚ್ಚದ ಪರದೆ ನಿಂತಿತ್ತು, ಅದರ ಪಕ್ಕದಲ್ಲಿ ಅವನ ಮಾತನ್ನು ನಂಬಿದವಳು ನಿಂತಿದ್ದಳು. ಸಲೀಸಪ್ಪ ಫೋನನ್ನು ಜೇಬಿಗಿಟ್ಟ.

"ಸಾರ್, ಇದು ಸುಳ್ಳು."

ನಿರ್ದೇಶಕರು ಅವನ ಕಾಲು ತುಳಿದರು.

"ಯಾವುದು ಸುಳ್ಳು?" ಎಂದರು ಮೇಲಧಿಕಾರಿ.

"ಹದಿನಾರೂ ಸುಳ್ಳು ಸಾರ್. ಪಕ್ಕದವರ ಮನೇಲಿ ಏನಿದೆ ಅಂತ ತಮ್ಮ ಮನೇಲಿ ನೋಡಿ ಹೇಳ್ತಿವೆ."

ಮೇಲಧಿಕಾರಿ ಹುಬ್ಬೇರಿಸಿದರು. "ಇದರಲ್ಲಿ ತಪ್ಪೇನಿದೆ? ಇಲಾಖೆ ನಡೀತಿರೋದೇ ಹಾಗಲ್ವಾ?"

ಆಗ ಗುಡುಗಿತು. ಸಲೀಸಪ್ಪ ಓಟ ಕಿತ್ತ.

"ಎಲ್ಲಿಗ್ರೀ ಓಡ್ತೀರಾ? ಜಾಗ ಹೇಳಿ ಹೋಗ್ರೀ!" ಎಂದು ನಿರ್ದೇಶಕರು ಮೆಟ್ಟಿಲ ಮೇಲಿಂದ ಕೂಗಿದರು.

ಮನೆಗೆ ನುಗ್ಗಿ ಎರಡನೇ ಸಾಲಿನ ಮೂರನೇ ಡಬ್ಬಿಯ ಮುಚ್ಚಳ ತೆಗೆದ. ಒಂದು ಚಿಟಿಕೆ ನಾಲಿಗೆಗೆ ಇಟ್ಟ. ಸಕ್ಕರೆ! ಅವನು ಹೊರಟ ಮೇಲೆ ಅತ್ತೆ ಸ್ಟ್ಯಾಂಡನ್ನು ಚೆನ್ನಾಗಿ ಒರೆಸಿ, ಡಬ್ಬಿಗಳನ್ನು ತಮಗೆ ಚೆಂದ ಕಂಡಂತೆ ಜೋಡಿಸಿ ಅಂಗಳಕ್ಕೆ ಹೋಗಿದ್ದರು. ಉಳಿದ ಡಬ್ಬಿಗಳೂ ನೋಡಲು ಒಂದೇ ಥರ, ಎಲ್ಲದರಲ್ಲೂ ಬಿಳಿ ಪುಡಿ. ಯಾವುದು ಬಟ್ಟೆ ತೊಳೆಯುವುದು, ಯಾವುದು ಪಾತ್ರೆ ಉಜ್ಜುವುದು, ಯಾವುದು ನಾಲಿಗೆಗಿಟ್ಟರೆ ನೇರ ಆಸ್ಪತ್ರೆಗೆ ಕಳಿಸುವುದು ಎಂದು ಅವನಿಗೆ ತಿಳಿಯದು. ಫೋನು ಮಾಡಿ ಕೇಳೋಣವೆಂದು ಕೈ ಜೇಬಿಗೆ ಹೋಯಿತು. ಜಾಗ ಕೇಳುವುದು, ಜಾಗ ಹೇಳುವುದು ಎರಡೂ ಸಾಕೆನಿಸಿತು. ಕೈಯನ್ನು ಹಿಂದಕ್ಕೆ ತೆಗೆದ. ಇಡೀ ಸ್ಟ್ಯಾಂಡನ್ನೇ ಡಬ್ಬಿಗಳ ಸಮೇತ ಎತ್ತಿ ತಲೆಯ ಮೇಲಿಟ್ಟುಕೊಂಡು ಬೀದಿಗೆ ಇಳಿದ.

ಬೀದಿ ಬೆರಗಾಯಿತು. ಎದುರು ಮನೆಯ ಪಿಂಚಣಿದಾರರು ಹೆಂಡತಿಯನ್ನು ಕೂಗಿದರು: "ಬೇಗ ಬಾರೇ! ಸಲೀಸಪ್ಪ ಏನೋ ಹೊತ್ಕೊಂಡು ಹೋಗ್ತಿದ್ದಾನೆ!"

"ಸುಮ್ನಿರಿ, ಕನಸು ಕಾಣಬೇಡಿ" ಎಂದು ಒಳಗಿನಿಂದ ಉತ್ತರ ಬಂತು.

ಮೂಲೆಯಲ್ಲಿ ಮೊದಲ ಹನಿಗಳು ಬಿದ್ದವು. ಕೊಡೆ ಅಂಗಡಿಯವನು ವಾರದಿಂದ ಕಾದಿದ್ದ ಗಳಿಗೆ. ಬಾಗಿಲಿಗೆ ಒರಗಿ, ಹಲ್ಲು ಬಿಟ್ಟು, "ಮಳೆ ನಿಮ್ಮ ಕೇಳಿತಾ ಸ್ವಾಮಿ? ಕೊಡೆ ಬೇಕಾ?" ಎಂದ.

"ಬೇಕು!"

"ಯಾವುದು ಕೊಡ್ಲಿ?"

"ಎಲ್ಲಾ! ಎಲ್ಲಾನೂ ಹೊತ್ಕೊಂಡು ನನ್ನ ಹಿಂದೆ ಬಾ!"

ಸ್ಟ್ಯಾಂಡು ಮುಂದೆ, ಕೊಡೆಗಳ ಹೊರೆ ಹಿಂದೆ, ತಮಾಷೆ ನೋಡಲು ಹೊರಟ ಬೀದಿಯವರು ಅದರ ಹಿಂದೆ ಅಂಗಳ ತಲುಪಿದರು. ಪರದೆ ಮಧ್ಯದಲ್ಲಿ ನೀಲಿ ಗೋಡೆಯಂತೆ ಸೆಟೆದು ನಿಂತಿತ್ತು. ಅತ್ತೆ ಅದರ ನೆರಳಿನಲ್ಲಿ ಕೂತು ಅಳುತ್ತಿದ್ದರು. ಹೆಂಡತಿ ಅಳುತ್ತಿರಲಿಲ್ಲ, ಗಂಜಿ ತೊಟ್ಟಿಯನ್ನು ಬರಿದು ಮಾಡಿ, ತೊಳೆದು, ಹೊಸ ಬಿಸಿನೀರು ಹೊಯ್ದು ಕಾಯುತ್ತಿದ್ದಳು. ಗಂಡನ ತಲೆಯ ಮೇಲಿದ್ದದ್ದನ್ನು ನೋಡಿ ಬೈಯುವುದನ್ನು ಮರೆತು, ಅದನ್ನು ಇಳಿಸಲು ಕೈ ಕೊಟ್ಟಳು.

"ಯಾವ ಡಬ್ಬಿ ಅಂತ ನನಗೆ ಗೊತ್ತಿಲ್ಲ. ಎಲ್ಲಾ ತಂದಿದ್ದೀನಿ" ಎಂದ ಸಲೀಸಪ್ಪ ಏದುಸಿರು ಬಿಡುತ್ತ.

ಆಕೆ ಕೈಹಾಕಿ ಸರಿಯಾದ ಡಬ್ಬಿ ತೆಗೆದು ತೊಟ್ಟಿಗೆ ಸುರಿದಳು. ಬೀದಿಯವರು ಕೊಡೆ ಬಿಚ್ಚಿ ತೊಟ್ಟಿಯ ಸುತ್ತ ಭುಜಕ್ಕೆ ಭುಜ ತಾಗಿಸಿ ನಿಂತು ಚಪ್ಪರ ಮಾಡಿದರು. ಪಿಂಚಣಿದಾರರು ಕೊಡೆ ಹಿಡಿದುಕೊಂಡೇ ಬಣ್ಣದ ಬಗ್ಗೆ ಸಲಹೆ ಕೊಟ್ಟರು, ಯಾರೂ ಕೇಳಲಿಲ್ಲ. ಗಂಡಹೆಂಡತಿ ಪರದೆಯನ್ನು ಮಡಚಲಾಗದೆ ಮುರಿದಂತೆ ಮಾಡಿ ತೊಟ್ಟಿಗೆ ತುರುಕಿ, ತುಳಿದರು. ಕಾಲಡಿಯ ನೀರು ತಿಳಿಯಾಗುವವರೆಗೆ ತುಳಿದರು. ನೀರು ತಿಳಿಯಾದರೆ ಬಣ್ಣ ಕಚ್ಚಿತೆಂದು ಅರ್ಥ. "ಇನ್ನು ಎಷ್ಟು ಬೇಕಾದ್ರೂ ಸುರೀಲಿ" ಎಂದು ಹೆಂಡತಿ ಆಕಾಶ ನೋಡಿ ಹೇಳಿದಳು. ಆಮೇಲೆ ಗಂಡನ ಮೊಣಕಾಲವರೆಗಿನ ನೀಲಿಯನ್ನು ನೋಡಿ ನಗು ತಡೆಯಲಾಗದೆ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟಳು.

ನಾಟಕಶಾಲೆ ಹೇಳಿದ ದಿನವೇ ತೆರೆಯಿತು. ಗಂಜಿಯ ಗುಣ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಪರದೆ ಅಲೆಯಲಿಲ್ಲ, ಕೋಟೆಯ ಬಾಗಿಲಿನಂತೆ ನೇರ ಮೇಲೇರಿತು. ಮಾಲೀಕರಿಗೆ ಆ ಗತ್ತು ಬಹಳ ಹಿಡಿಸಿ, ವೇಷಗಳ ಬಣ್ಣವನ್ನೆಲ್ಲ ಆಕೆಗೇ ವಹಿಸಿದರು. ಸಲೀಸಪ್ಪ ಕೈಪಿಡಿಯ ಮುಂದಿನ ಪುಟವನ್ನು ತಿರುಗಿಸಿ ಓದಿದ. ಚದುರಿದ ಮೋಡಗಳ ವಿಳಾಸ ಹುಡುಕಿ, ಒಂದೇ ಗಂಟು ಕಟ್ಟಿ, ಗಂಟನ್ನೇ ಕಳಿಸುವಂತೆ ಮಾಡಿದ. ಮುನ್ಸೂಚನೆ ಈಗ ಮಳೆಗಿಂತ ಸ್ವಲ್ಪ ಮುಂಚೆ ಬರುತ್ತಿತ್ತು.

ಆದರೆ ನಿರ್ದೇಶಕರ ಸಿಟ್ಟು ಇಳಿದಿರಲಿಲ್ಲ. ಸಲೀಸಪ್ಪನ ಅಪರಾಧಗಳನ್ನು ವಿವರವಾಗಿ ಬರೆದು, ತಮ್ಮ ಬೀರುವಿನ ಎರಡನೇ ಸಾಲಿನಲ್ಲಿ ಮೂರನೆಯದಾಗಿಟ್ಟು, ತಮ್ಮದೇ ಸುತ್ತೋಲೆಯ ಪ್ರಕಾರ ಕೇಂದ್ರ ಕಚೇರಿಗೆ ಸಲೀಸಪ್ಪನ ಹೆಸರು ಮತ್ತು ಕಡತದ ಜಾಗ ಇಷ್ಟನ್ನೇ ತಿಳಿಸಿದ್ದರು. ಕೇಂದ್ರ ಕಚೇರಿ ತನ್ನ ಬೀರುವಿನ ಎರಡನೇ ಸಾಲಿನ ಮೂರನೇ ಕಡತ ತೆಗೆದು ನೋಡಿ, ಕೂಡಲೇ ಆದೇಶ ಕಳಿಸಿತು. ಸಲೀಸಪ್ಪ ಅದನ್ನು ಸಂಜೆ ಮನೆಗೆ ತಂದು ಓದಿದ: "ತಮ್ಮ ಕೋರಿಕೆಯನ್ನು ಪರಿಶೀಲಿಸಲಾಗಿದೆ. ಸದರಿ ಸಲೀಸಪ್ಪನವರು ಬಹಳ ಹಳೆಯದಾಗಿದ್ದು ಅಲ್ಲಲ್ಲಿ ಬಿರುಕು ಬಿಟ್ಟಿರುವುದರಿಂದ, ಸದರಿಯವರನ್ನು ಚೆನ್ನಾಗಿ ಕೆರೆದು ಎರಡು ಪದರ ಸುಣ್ಣ ಬಳಿದು ವರದಿ ಸಲ್ಲಿಸತಕ್ಕದ್ದು."

"ಅಯ್ಯೋ, ಅಳಿಯಂದಿರಿಗೆ ಸುಣ್ಣ ಬಳೀತಾರಾ?" ಎಂದರು ಅತ್ತೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ ಹಾಗಾಯ್ತು. ಯಾವುದೋ ಗೋಡೆ ಪಾಲಿಂದು ನನಗೆ ಬಂದಿದೆ. ನಿರ್ದೇಶಕರು ಆದೇಶ ಮೀರೋರಲ್ಲ. ನಾಳೆ ಬೆಳಗ್ಗೆ ಸುಣ್ಣದವನು ಬರ್ತಾನಂತೆ" ಎಂದ ಸಲೀಸಪ್ಪ ದೀನನಾಗಿ.

ಹೆಂಡತಿ ಕಾಗದವನ್ನು ಇಸಿದುಕೊಂಡು ಕಸುಬಿನವಳ ಕಣ್ಣಿನಿಂದ ಓದಿದಳು. ಗಂಡನ ಕಾಲಿನ ನೀಲಿಯನ್ನು ಒಮ್ಮೆ ನೋಡಿದಳು.

"ಎರಡು ಪದರ ಬಳಿದ್ರೂ ಈ ನೀಲಿ ಮೇಲೆ ಸುಣ್ಣ ನಿಲ್ಲಲ್ಲ. ಮೊದಲು ಕಚ್ಚಿಸೋ ಪುಡಿ ಬೇಕು" ಎಂದಳು.

ಸಲೀಸಪ್ಪ ಅಭ್ಯಾಸಬಲದಿಂದ ಬೆರಳೆತ್ತಿ, ಅದು ಎಲ್ಲಿದೆ ಎಂದು ಹೇಳಲು ಬಾಯಿ ತೆರೆದ. ಆಮೇಲೆ ಬೆರಳು ಮಡಚಿ, ಎದ್ದು ಹೋಗಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಆಕೆಯ ಮುಂದಿಟ್ಟ.